ಮಣ್ಣು ಹಾಕುವ ಮೊದಲು

ವರ್ಲೀನ್ ಟಗಲ್ ಬದುಕಿರುವವರ ತಲೆ ಬಾಚುವುದು ದಿನವೂ. ಸತ್ತವರದ್ದು ಕರೆ ಬಂದಾಗ. ನಮ್ಮ ಕಾರ್ವರ್ ಬೆಂಡ್ ಊರಿನ ಕರಿಯರಲ್ಲಿ ಯಾರೇ ತೀರಿಕೊಂಡರೂ ಕೊನೆಯ ಸಲ ಕೂದಲು ಓರಣ ಮಾಡುವುದು ಅವಳೇ.

"ಸತ್ತೋರೇ ವಾಸಿ ಕಣಯ್ಯ. ಬಿಸಿ ಬಾಚಣಿಗೆ ಸುಡ್ತು, ಎಳೀತು ಅಂತ ಕೂಗಾಡಲ್ಲ," ಎನ್ನುತ್ತಾಳೆ.

ನಾನು ಶಾಲೆಯ ಬಸ್ಸು ಓಡಿಸುವವನು, ಅವಳ ತಲೆ ಬಾಚುವ ಅಂಗಡಿಯ ಪಕ್ಕದ ಮನೆಯವನು. ಬೆಳಗಿನ ಕಾಫಿಯ ಜೊತೆ ಅವಳ ಬೈಗುಳ ತಿಂದೇ ಬಸ್ಸು ಹತ್ತುತ್ತೇನೆ.

ಮಿಸಿಸಿಪ್ಪಿಯ ಈ ಮೂಲೆಯಲ್ಲಿ ಸಾವಿನ ಸುದ್ದಿ ಮನೆಮನೆಗೆ ಬರುತ್ತಿದ್ದುದು ರೇಡಿಯೊದಲ್ಲಿ. ಬೆಳಗಿನ ಚರ್ಚಿನ ಹಾಡುಗಳ ನಡುವೆ ಹೆಸರು ಹೇಳುತ್ತಿದ್ದರು, ಯಾರ ಮಗ, ಮಣ್ಣು ಯಾವತ್ತು ಅಂತ. ಆಮೇಲೆ ದೂರದ ಕಂಪನಿಯೊಂದು ಆ ಸ್ಟೇಷನ್ ಕೊಂಡುಕೊಂಡಿತು, ಹೆಸರು ಹೇಳುವುದನ್ನು ನಿಲ್ಲಿಸಿತು. ಸಾವಿನ ಸುದ್ದಿ ಕೇಳುವವರ ಮನಸ್ಸು ಕೆಡಿಸುತ್ತದಂತೆ. ಬೇಕಾದವರು ಇಂಟರ್ನೆಟ್ಟಿನಲ್ಲಿ ನೋಡಿಕೊಳ್ಳಬೇಕಂತೆ. ಇಂಟರ್ನೆಟ್ಟಿನ ತಂತಿ ಬಿಳಿಯರ ಬೀದಿಯವರೆಗೆ ಬಂದು ನಿಂತಿದೆ, ರೈಲುಹಳಿ ದಾಟಿ ನಮ್ಮ ಕಡೆ ಬಂದೇ ಇಲ್ಲ. ಕೇಳಿದರೆ ಈ ಕಡೆ ಗಿರಾಕಿಗಳಿಲ್ಲ ಎನ್ನುತ್ತಾರೆ. ನಾವೇನು ಕಲ್ಲುಬಂಡೆಗಳೇ?

ನಮ್ಮೂರಿನ ಇಜೆಲ್ ಸತ್ತಾಗ, ನದಿಯ ಕಟ್ಟೆಯಾಚೆ ಒಬ್ಬಳೇ ಇದ್ದ ಅವನ ಅಕ್ಕ ಐಡಬೆಲ್‌ಗೆ ಗೊತ್ತಾಗಲಿಲ್ಲ. ಅವಳ ಹತ್ತಿರ ಫೋನಿರಲಿಲ್ಲ. ಅವರು ಹೇಳಿರುತ್ತಾರೆಂದು ಇವರು, ಇವರು ಹೇಳಿರುತ್ತಾರೆಂದು ಅವರು. ಮಣ್ಣಾದ ಮರುದಿನ, ಭಾನುವಾರ, ಕೆಂಪು ಹ್ಯಾಟು ಹಾಕಿಕೊಂಡು ತಮ್ಮನಿಗೆ ಗೆಣಸಿನ ಪೈ ಹಿಡಿದುಕೊಂಡು ಅವಳು ಚರ್ಚಿಗೆ ಬಂದಳು. ನಾವೆಲ್ಲ ನೆಲ ನೋಡಿದೆವು. ವರ್ಲೀನ್ ಎದ್ದುಹೋಗಿ, ಆ ಪೈ ಇಸಿದುಕೊಂಡು, ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು.

ಐಡಬೆಲ್ ಕೇಳಿದ್ದು ಒಂದೇ ಮಾತು. "ಅವ್ನ ಬೈತಲೆ ಎಡಕ್ಕೆ ತೆಗ್ದೆ ತಾನೆ? ನಮ್ಮಮ್ಮ ಎಡಕ್ಕೇ ತೆಗೀತಿದ್ಲು."

ವರ್ಲೀನ್ ತೆಗೆದದ್ದು ಬಲಕ್ಕೆ. ಎಡಕ್ಕೆ ತೆಗಿ ಎಂದು ಹೇಳಬೇಕಾದವಳಿಗೆ ಸುದ್ದಿಯೇ ಮುಟ್ಟಿರಲಿಲ್ಲ.

ಆಮೇಲೆ ವರ್ಲೀನ್ ಹಟಕ್ಕೆ ಬಿದ್ದಳು. ಸಣ್ಣ ರೇಡಿಯೊ ಸ್ಟೇಷನ್ನಿಗೆ ಪರವಾನಗಿ ಸಿಗುತ್ತದೆಂದು ಕೇಳಿದ್ದೇ ತಡ, ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಗೆ ಬರೆದಳು. ತಿರಸ್ಕರಿಸಿದರೆ ಮತ್ತೆ ಬರೆದಳು. ಕೊನೆಗೆ ಸಿಕ್ಕಿತು. ಚರ್ಚಿನ ಗೋಪುರಕ್ಕೆ ರೇಡಿಯೊ ಕಂಬ ಏರಿಸಿದ್ದು ನಾವೇ. ಅವಳ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕೂದಲು ಒಣಗಿಸುವ ಯಂತ್ರದ ಪಕ್ಕ ಮೈಕು. ದನಿ ಹೆಚ್ಚು ದೂರ ಹೋಗುವುದಿಲ್ಲ, ಆದರೆ ಕಟ್ಟೆಯಾಚೆ ಐಡಬೆಲ್‌ಳ ಮನೆಗೆ ಕೇಳುತ್ತದೆ.

ಎಡವಿದ್ದು ಮೀನಿನಲ್ಲಿ. ನಮ್ಮಲ್ಲಿ ಮಣ್ಣಿನ ಖರ್ಚಿಗೆಂದು ಕರಿದ ಮೀನಿನ ಊಟ ಮಾರುತ್ತಾರೆ. ಚರ್ಚಿನಲ್ಲಿ ಪಾಸ್ಟರು ಸಾವನ್ನೂ ಮೀನನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ವರ್ಲೀನ್ ಮೈಕಿನಲ್ಲೂ ಹಾಗೇ ಹೇಳಿಬಿಟ್ಟಳು: "ಮಣ್ಣಿನ ಖರ್ಚಿಗೆ ಕ್ಲಾಡೀನ್ ಹೋಟ್ಲಲ್ಲಿ ಶನಿವಾರ ಮೀನೂಟ, ಹನ್ನೆರಡು ಡಾಲರ್, ಬೇಗ ಹೋಗಿ, ಆ ರುಚಿ ಬೇರೆಲ್ಲೂ ಸಿಗಲ್ಲ." ಜಾಹೀರಾತಿಗೆ ಅನುಮತಿಯಿಲ್ಲದ ಇಂಥ ಸ್ಟೇಷನ್ನಿನಲ್ಲಿ ಹೋಟೆಲಿನ ಬೆಲೆ ಹೇಳಿ ಗಿರಾಕಿ ಕರೆಯುವಂತಿಲ್ಲ. ಯಾರೋ ದೂರು ಕೊಟ್ಟರು. ವಾಷಿಂಗ್ಟನ್ನಿನಿಂದ ನೋಟಿಸು ಬಂತು: ಮತ್ತೆ ಹೀಗಾದರೆ ಪರವಾನಗಿಗೇ ಕುತ್ತು.

ಪಾಸ್ಟರ್ ಮೆಟ್‌ಕಾಫ್ ನಮ್ಮನ್ನೆಲ್ಲ ಚರ್ಚಿನಲ್ಲಿ ಸೇರಿಸಿದರು. "ನೋಡಮ್ಮ ವರ್ಲೀನ್, ನಿನ್ ನಾಲ್ಗೆ ನಂಬೋ ಹಾಗಿಲ್ಲ. ಇನ್ಮೇಲೆ ಹೇಳೋದೇ ಬೇಡ, ಬರೀ ಹಾಡು ಹಾಕೋಣ. ಸ್ಟೇಷನ್ ಆದ್ರೂ ಉಳೀಲಿ."

"ಬರೀ ಹಾಡಿಗೆ ನಾವ್ಯಾಕೆ ಪಾಸ್ಟ್ರೇ? ಆ ಕಂಪ್ನಿಯೋರು ಹಾಕ್ತಾನೇ ಇದಾರಲ್ಲ! ಮೀನು ನನ್ ತಪ್ಪು, ಒಪ್ಕೊಂಡು ವಾಷಿಂಗ್ಟನ್ನಿಗೆ ಬರ್ದಿದೀನಿ. ಸತ್ತೋರ ಹೆಸ್ರು ತಪ್ಪಲ್ಲ. ಅದನ್ನ ಬಿಡಲ್ಲ."

ಬರೀ ಹಾಡು ಸಾಕು ಅನ್ನೋರು ಕೈ ಎತ್ತಿ ಎಂದರು ಪಾಸ್ಟರು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಐಡಬೆಲ್ ಎದ್ದಳು, ಅದೇ ಕೆಂಪು ಹ್ಯಾಟು.

"ನಂಗೆ ಹಾಡು ಬೇಡ. ಈ ವಯಸ್ನಲ್ಲಿ ಕುಣೀಲಾ? ದಿನಾ ರೇಡಿಯೊ ಹಚ್ಚೋದು ಯಾರು ಹೋದ್ರು ಅಂತ ತಿಳ್ಕೊಳ್ಳೋಕೆ. ನನ್ ತಮ್ಮನ್ನ ಮಣ್ಣು ಮಾಡಿದ್ ಮೇಲೆ ಹೇಳಿದ್ರಿ. ಇನ್ಯಾರಿಗೂ ಹಾಗ್ ಮಾಡ್ಬೇಡಿ."

ಪಾಸ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಹಾಡು ಮಾತ್ರ ಸಾಕು ಎನ್ನುವುದಕ್ಕೆ ಒಂದು ಕೈಯೂ ಏಳಲಿಲ್ಲ, ಅವರದ್ದೂ ಸೇರಿ.

ಸೋಮವಾರ ಬೆಳಗ್ಗೆ ನಾನು ಅವಳ ಅಂಗಡಿಯಲ್ಲೇ ನಿಂತು ಕೇಳಿದೆ. ವರ್ಲೀನ್ ಮೈಕಿನ ಮುಂದೆ ಸೆಟೆದು ಕೂತಿದ್ದಳು. "ನಮ್ಮ ಲೂಥರ್ ಪೆಟಿಗ್ರೂ ತೀರ್ಕೊಂಡ್ರು. ಮಿನರ್ವಾ ಮಗ. ಮಣ್ಣು ಗುರುವಾರ." ಆಮೇಲೆ ಬಾಯಿ ತೆರೆದಳು, ನಾಲಿಗೆಯ ತುದಿಗೆ ಬಂದ ಮೀನನ್ನು ನುಂಗಿಕೊಂಡಳು. ನಗು ತಡೆಯಲು ನಾನು ಅಂಗೈ ಕಚ್ಚಿಕೊಂಡೆ.

ಆದರೆ ಅವಳು ಮುಗಿಸಿರಲಿಲ್ಲ. "ಇವತ್ ಮಧ್ಯಾಹ್ನ ಅವ್ರ ತಲೆ ಬಾಚೋಳು ನಾನು. ಅವ್ರು ಹೇಗೆ ಬಾಚ್ಕೋತಿದ್ರು ಅಂತ ಗೊತ್ತಿದ್ದೋರು ಫೋನ್ ಮಾಡಿ. ನೀವ್ ಹೇಳ್ದೆ ನಂಗ್ ಗೊತ್ತಾಗಲ್ಲ."

ಹಾಡು ಹಾಕಿ ಎದ್ದಳಷ್ಟೇ, ಫೋನು ಬಡಿದುಕೊಂಡಿತು. ಯಾವುದೋ ಮುದುಕಿಯ ದನಿ. ಲೂಥರನನ್ನು ಬಿಟ್ಟುಹೋಗಿ ಎಷ್ಟೋ ವರ್ಷವಾದ ಮೊದಲ ಹೆಂಡತಿಯಂತೆ. ಮೊದಲು ಅತ್ತಳು, ಆಮೇಲೆ ಅವನನ್ನು ಬೈದಳು. ವರ್ಲೀನ್ ಎಲ್ಲವನ್ನೂ ಕೇಳಿಸಿಕೊಂಡಳು. ಬಾಚಣಿಗೆ ಅವಳ ಕೈಯಲ್ಲಿತ್ತು.

"ಅಳು ತಾಯಿ, ಅಳು. ಇನ್ನೂ ಹೊತ್ತಿದೆ," ಎಂದಳು. "ಆಮೇಲೆ ಹೇಳು, ಯಾವ ಕಡೆ?"