ಏಳು ಬಾಗಿಲಿನ ಕೋಟೆಗೆ ಸಾಕ್ಷಿಗಳು

೧೯೭೮ರಲ್ಲಿ ನಾನು ಮಂಗಳೂರಿನ ಒಂದು ಸರಕಾರಿ ಕಚೇರಿಯಲ್ಲಿ ಜೀಪ್ ಡ್ರೈವರ್ ಆಗಿದ್ದೆ. ಜಿಲ್ಲೆಯ ಹಳೆಯ ಸ್ಥಳಗಳ ಮಾಹಿತಿ ಒಟ್ಟುಮಾಡುವ ಕಚೇರಿ ಅದು. ನಾನು ಓದಿದ್ದು ಐದನೇ ಕ್ಲಾಸು. ಆದರೂ ಪೆನ್ನು ಹಿಡಿದಿದ್ದೇನೆ, ಯಾಕೆಂದರೆ ನನ್ನ ಮೊಮ್ಮಗಳು ಶ್ರಾವ್ಯ ಇತಿಹಾಸ ಎಂ.ಎ.ಗೆ ಸೇರಿದ್ದಾಳೆ! ನೆರೆಕರೆಯವರಿಗೆಲ್ಲ ಹೇಳಿ ಮುಗಿಸಿದೆ. ನಂತೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಗುರುತಿಲ್ಲದವರಿಗೂ ಹೇಳಿದೆ. “ಅಜ್ಜ, ನೀವು ಕೋಟೆ ಹುಡುಕಿದ ಕಥೆ ಬರೆಯಿರಿ” ಎಂದಳು. ಅವಳ ಮಾತು ಮೀರುವುದುಂಟೇ?

ಆಗ ನಮ್ಮ ಕಚೇರಿಗೆ ಮೈಸೂರಿನಿಂದ ಸುಮತಿ ಎಂಬ ರಿಸರ್ಚ್ ಆಫೀಸರ್ ಬಂದಿದ್ದರು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಅವರ ಕೆಲಸ ಗಡಿಕೋಟೆಗಳದ್ದು. ಕೋಟೆ ಎಂದರೆ ದೊಡ್ಡ ಬುರುಜು, ಫಿರಂಗಿ ಎಂದುಕೊಳ್ಳಬೇಡಿ. ಹಿಂದೆ ತುಳುನಾಡಿನ ಒಬ್ಬ ಅರಸನ ಸೀಮೆ ಮುಗಿದು ಇನ್ನೊಬ್ಬನದು ಸುರುವಾಗುವಲ್ಲಿ ಗುಡ್ಡದ ಮೇಲೊಂದು ದಿಬ್ಬ, ಸುತ್ತ ಕಂದಕ, ನಾಲ್ಕು ಜನ ಕಾವಲು. ಅಷ್ಟೇ. ಮಳೆಗೆ ಕರಗಿ ಹೋದ ಇಂಥವು ಮ್ಯಾಪಿನಲ್ಲಿ ಇರುವುದಿಲ್ಲ. ಊರವರ ಬಾಯಿಂದ ಕೇಳಬೇಕು, ಕೇಳಿದ್ದು ಹೌದೋ ಅಲ್ಲವೋ ನೋಡಬೇಕು. ಇದಕ್ಕೆ ಫೀಲ್ಡ್ ವೆರಿಫಿಕೇಶನ್ ಎಂದು ಹೆಸರು. ಒಬ್ಬರಿಂದೊಬ್ಬರು ಕೇಳಿರದ ಮೂವರು ಒಂದೇ ಸಂಗತಿ ಹೇಳಿದರೆ ಮಾತ್ರ ಮೇಡಂ ಬರೆದುಕೊಳ್ಳುತ್ತಿದ್ದರು. ಅವರಿಗೆ ತುಳು ಬಾರದು. ಕೇಳುವವನೂ ಹೇಳುವವನೂ ನಾನೇ.

ವಾಮಂಜೂರಿನಿಂದ ಆಚೆ ಒಂದು ಗುಡ್ಡವಿತ್ತು. ಅದರ ಬುಡದ ಗದ್ದೆಗಳೆಲ್ಲ ಸಂಕಪ್ಪ ಶೆಟ್ಟರ ಗುತ್ತಿನ ಮನೆಯವು, ಊರಿನ ಯಜಮಾನಿಕೆ ಆ ಮನೆಗೆ. ಶೆಟ್ಟರು ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟು, “ಮೇಡಂ, ಇದು ನಮ್ಮ ಹಿರಿಯರ ಕೋಟೆ. ಏಳು ಬಾಗಿಲು ಉಂಟು. ಏಳನೇ ಬಾಗಿಲಿನಿಂದ ಹೊಳೆಯವರೆಗೆ ಸುರಂಗ” ಎಂದರು. ಅಂಗಡಿಯವನನ್ನು ಕೇಳಿದೆವು, ಏಳು ಬಾಗಿಲು, ಹೊಳೆಯವರೆಗೆ ಸುರಂಗ. ಕಳ್ಳು ಇಳಿಸುವ ಬಾಬು ಪೂಜಾರಿಯನ್ನು ಕೇಳಿದೆವು, ಅವನದೂ ಅದೇ. ನನಗೆ ಖುಷಿಯೋ ಖುಷಿ, ಮೂರು ಸಾಕ್ಷಿ ಸಿಕ್ಕಿತಲ್ಲ! ಮೇಡಂ ಮಾತ್ರ ಮುಖ ಗಂಟು ಹಾಕಿದರು.

“ವಾಮನ, ಮೂವರೂ ಒಂದೇ ಪದ ಹೇಳ್ತಾರೆ. ಇವರಿಗೆ ಯಾರು ಹೇಳಿದ್ದು, ಅದನ್ನ ಕೇಳು.”

ಬಾಬು ಪೂಜಾರಿ ನಕ್ಕ. “ಎಂತ ಮಾರಾಯ, ಗೊತ್ತಿಲ್ವಾ? ಶೆಟ್ಟರ ಹರಕೆ ಆಟದಲ್ಲಿ ರಾಜನ ವೇಷದವರು ಹೇಳಿದ್ದಲ್ವಾ!”

ಆಟವೆಂದರೆ ಯಕ್ಷಗಾನ. ನಮ್ಮಲ್ಲಿ ವೇಷಧಾರಿಗಳು ಮಾತನ್ನು ಅಲ್ಲಲ್ಲೇ ಕಟ್ಟುತ್ತಾರೆ. ಆಡಿಸುವ ಮನೆಯವರನ್ನು ನಾಲ್ಕು ಮಾತು ಹೊಗಳುವುದೂ ಉಂಟು. ಆ ವೇಷಧಾರಿಯ ಮನೆ ಪಡೀಲಿನಲ್ಲಿತ್ತು. ಮಳೆಗಾಲ, ಮೇಳಕ್ಕೆ ರಜೆ. ಅವರು ಜಗಲಿಯಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದರು. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅಯ್ಯೋ ಅಮ್ಮಾ, ಶೆಟ್ಟರ ಮನೆಯಲ್ಲಿ ಊಟ ಬಹಳ ರುಚಿ ಇತ್ತು. ಅದಕ್ಕೊಂದು ಕೋಟೆ ಕಟ್ಟಿ ಕೊಟ್ಟೆ. ಪಾಯಸವೂ ಇದ್ದದ್ದಕ್ಕೆ ಸುರಂಗ!”

ಮೂರು ಸಾಕ್ಷಿ ಒಂದೇ ಬಾಯಿಗೆ ಬಂದು ನಿಂತಿತು. ಶೆಟ್ಟರಿಗೆ ಹೇಳಿದಾಗ ಪಾಪ, ಚೌಕಾಸಿಗೆ ಇಳಿದರು. “ಏಳು ಬೇಡ, ಎರಡು ಬಾಗಿಲಾದರೂ ಬರೆಯಿರಿ ಮೇಡಂ.”

ಇನ್ನು ಆಟ ನೋಡದವರು ಬೇಕು. ಗುಡ್ಡದ ಪಕ್ಕದಲ್ಲೇ ಉಮ್ಮರಬ್ಬ ಎಂಬ ಬ್ಯಾರಿಯ ಮನೆಯಿತ್ತು. ಒಣಮೀನಿನ ವ್ಯಾಪಾರ ಅವನದು. ಬಹಳ ವರ್ಷ ಗೇಣಿಗಿದ್ದ ಜಾಗ ಭೂಸುಧಾರಣೆಯಲ್ಲಿ ಆಗಷ್ಟೇ ಅವನ ಹೆಸರಿಗೆ ಆಗಿತ್ತು. ನಮ್ಮನ್ನು ಕಂಡದ್ದೇ ಬಾಗಿಲಿಗೆ ಅಡ್ಡ ನಿಂತ. “ಇಲ್ಲಿ ಕೋಟೆ ಇಲ್ಲ, ಎಂತದೂ ಇಲ್ಲ. ಹೋಗಿ.”

ಒಳಗಿನಿಂದ ಅವನ ತಾಯಿ ಐಸಮ್ಮ ಹೊರಗೆ ಬಂದರು. “ಕೋಟೆ ನಾನು ಕಾಣೆ ಮಗಳೇ. ನನ್ನ ಅತ್ತೆ ಒಂದು ಹೇಳ್ತಿದ್ದರು. ಅವರ ಅಜ್ಜನ ಕಡೆಯವರು ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಘಟ್ಟಕ್ಕೆ ಹೋಗುವವರು. ಈ ಗುಡ್ಡದ ಬುಡಕ್ಕೆ ಬಂದರೆ ಎತ್ತಿನ ಗಂಟೆಗೆ ಹುಲ್ಲು ತುರುಕುವುದಂತೆ. ಮೇಲಿನ ಕಾವಲಿನವರಿಗೆ ಸದ್ದು ಕೇಳಿದರೆ ಸುಂಕ ಕೊಡಬೇಕಲ್ಲ!”

“ಉಮ್ಮಾ, ಸುಮ್ಮನೆ ಕೂತ್ಕೊಳ್ಳಿ! ಮನೆ ಹೋಗ್ತದೆ!” ಎಂದು ಉಮ್ಮರಬ್ಬ ಕೂಗಿದ.

ಆಗ ವಿಷಯ ಹೊರಗೆ ಬಂತು. ಕೋಟೆ ಎಂದು ಸರಕಾರ ಬರೆದರೆ ಒಳಗಿರುವ ಮನೆಗಳನ್ನೆಲ್ಲ ಎಬ್ಬಿಸುತ್ತದೆ ಎಂದು ಅಂಗಡಿ ಜಗಲಿಯಲ್ಲಿ ಯಾರೋ ಅವನನ್ನು ಹೆದರಿಸಿದ್ದರು. ಮೇಡಂ ಸಮಾಧಾನದ ಮಾತು ಹೇಳಿಯಾರೆಂದು ನಾನು ಕಾದೆ. ಅವರು ಹೇಳಿದ್ದು ಬೇರೆ.

“ನಿಮ್ಮ ಮನೆ ಒಳಗಿದ್ದರೆ ಒಳಗಿದೆ ಅಂತಾನೇ ಬರೀಬೇಕಾಗುತ್ತೆ. ಸುಳ್ಳು ಬರೆಯೋಕೆ ಆಗಲ್ಲ. ಅಳೆದು ನೋಡೋಣ, ನೀವೇ ಟೇಪ್ ಹಿಡೀರಿ.”

ಟೇಪಿನ ಒಂದು ತುದಿ ಅವನು ಹಿಡಿದ, ಇನ್ನೊಂದು ನಾನು. ಕುರುಚಲು ಪೊದೆಯ ನಡುವೆ ಕಂದಕದ ಅಂಚು ಹಿಡಿದು ಗುಡ್ಡಕ್ಕೆ ಇಡೀ ಒಂದು ಸುತ್ತು ಬಂದೆವು. ಕಂದಕ ಅವನ ದನದ ಹಟ್ಟಿಗಿಂತ ಬಹಳ ಮೇಲೆಯೇ ತಿರುಗಿಕೊಂಡು ಹೋಗಿತ್ತು. ಮನೆ, ಬಾವಿ, ಹಟ್ಟಿ ಎಲ್ಲ ಹೊರಗೆ! ಮೇಡಂ ಅಲ್ಲೇ ಕಲ್ಲಿನ ಮೇಲೆ ಕೂತು ಸ್ಕೆಚ್ ಹಾಕಿ, ಇದು ಕಂದಕ, ಇದು ನಿಮ್ಮ ಮನೆ ಎಂದು ಬೆರಳಿಟ್ಟು ತೋರಿಸಿದರು.

ಉಮ್ಮರಬ್ಬ ಅದನ್ನು ತುಂಬಾ ಹೊತ್ತು ನೋಡಿದ. ಆಮೇಲೆ “ಬನ್ನಿ” ಎಂದು ಕಂದಕ ದಾಟಿಸಿ ನಮ್ಮನ್ನು ಮೇಲಕ್ಕೆ ಕರೆದುಕೊಂಡು ಹೋದ. ಅಲ್ಲೊಂದು ದೊಡ್ಡ ಸೌದೆ ರಾಶಿ. ಮಳೆಗಾಲದಲ್ಲಿ ಬಯಲಿನಲ್ಲಿ ಸೌದೆ ಒಟ್ಟುವವರು ಯಾರಿದ್ದಾರೆ? ಒಂದೊಂದೇ ಕೊಳ್ಳಿ ಎಳೆದು ಬಿಸಾಡತೊಡಗಿದ. ನಾನೂ ಕೈ ಹಾಕಿದೆ. ಅಡಿಯಲ್ಲಿ ಮುರಕಲ್ಲಿನ, ಅಂದರೆ ನಮ್ಮ ಕೆಂಪು ಕಲ್ಲಿನ, ಎರಡು ಕಂಬಗಳಿದ್ದವು. ಎರಡರ ಮೈಯಲ್ಲೂ ಬಾಗಿಲಿಗೆ ಅಡ್ಡಮರ ಜಾರಿಸುವ ತೂತು, ಒಂದಕ್ಕೊಂದು ಸರಿಯಾಗಿ ಎದುರುಬದುರು.

“ಏಳಲ್ಲ ಮೇಡಂ, ಒಂದೇ ಬಾಗಿಲು. ನಾನೇ ಮುಚ್ಚಿಟ್ಟದ್ದು” ಎಂದು ನಕ್ಕ. ಮೇಡಂ ಆ ತೂತಿನೊಳಗೆ ಮೊಣಕೈವರೆಗೆ ಕೈಹಾಕಿ ಸಣ್ಣ ಮಕ್ಕಳ ಹಾಗೆ ನಗುತ್ತಿದ್ದರು.

ಐಸಮ್ಮನ ಮಾತು, ಕಂದಕ, ಕಂಬ, ಒಂದರಿಂದೊಂದು ಕೇಳಿರದ ಮೂರು ಸಾಕ್ಷಿ ಆಯಿತು. ವರದಿಯಲ್ಲಿ ಅದು ಸುಂಕದ ಕಾವಲಿನ ಸಣ್ಣ ಗಡಿಕೋಟೆ ಎಂದು ಸೇರಿತು. ಮನೆಯನ್ನು ಯಾರೂ ಮುಟ್ಟಲಿಲ್ಲ. ಎಂಬತ್ತೈದರಲ್ಲಿ ಅವನ ಮಗಳ ಮದುವೆ ಊಟವನ್ನು ನಾನು ಅದೇ ಅಂಗಳದಲ್ಲಿ ಉಂಡಿದ್ದೇನೆ.

ಈ ಕೆಲಸ ನನಗೆ ಕಲಿಸಿದ್ದನ್ನು ಶ್ರಾವ್ಯಳಿಗೆ ಹೇಳಿದ್ದೇನೆ. ಉತ್ಸಾಹದಿಂದ ಹೇಳುವವರು ಸಿಕ್ಕರೆ ಅವರಿಗೆ ಹೇಳಿದವರು ಯಾರು ಎಂದು ಕೇಳು, ಮಗಾ. “ಎಂತದೂ ಇಲ್ಲ, ಹೋಗಿ” ಎನ್ನುವವರು ಸಿಕ್ಕರೆ ಅಲ್ಲಿಂದ ಹೋಗಬೇಡ. ಅವರಿಗೆ ಯಾವುದರ ಹೆದರಿಕೆ ಎಂದು ಕೇಳು, ಆ ಹೆದರಿಕೆಯನ್ನು ಅವರ ಜೊತೆಯಲ್ಲೇ ಅಳೆದು ನೋಡು. ಸೌದೆ ಅವರೇ ಸರಿಸುತ್ತಾರೆ.