ಬಾವಿ ಕರೆಯಲಿಲ್ಲ, ಯಲ್ಲವ್ವಾ

ಯಲ್ಲವ್ವಾ, ನಿನ್ನ ಅಕ್ಕ ಗಂಗವ್ವನನ್ನು ಯಾವ ದೆವ್ವವೂ ಕರೆಯಲಿಲ್ಲ. ಸಿಂಧನೂರಿನ ಹತ್ತಿ ಕಾರ್ಖಾನೆಯ ಹಿಂದಿನ ಬಾವಿಯಲ್ಲಿ ದೆವ್ವವಿದೆ ಎಂಬ ಮಾತು ಹುಟ್ಟಿಸಿದವನು ನಾನು — ಆಗ ಅಲ್ಲಿ ಆಳುಗಳನ್ನು ದುಡಿಸುವ ಮುಕಾದಮನಾಗಿದ್ದ ನಾನೇ. ನಿಜಾಮನ ಆಳಿಕೆ ಹೋಯಿತು, ಕಾರ್ಖಾನೆಯ ಮಾಲೀಕ ಸೇಠ ಹೋದ, ಅದರ ತಗಡುಗಳೂ ಹರಾಜಾದವು. ನನ್ನ ಸುಳ್ಳು ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಥೂ, ನನ್ನ ಜನ್ಮಕ್ಕಿಷ್ಟು!

ತುರ್ವಿಹಾಳದ ಹೊಲಗಳಲ್ಲಿ ಕಳೆ ತೆಗೆಯುತ್ತಿದ್ದ ನಿಮ್ಮಿಬ್ಬರನ್ನು ಅಲ್ಲಿಗೆ ಕರೆತಂದವನೂ ನಾನೇ. ಹೊಲದಲ್ಲೇನು ಸುಖವಿತ್ತು? ಅಲ್ಲೂ ಹಸಿವಿತ್ತು, ಗೌಡರ ಬೈಗುಳವಿತ್ತು. ಮಸ್ಕಿಯ ಕಡೆ ಕಲ್ಲು ಒಡೆಯುವವರ ಅಂಗೈ ಬಿರಿದು ರಕ್ತ ಒಸರುತ್ತಿತ್ತು. ಆದರೂ ಅವರು ಹೇಗೋ ಬದುಕುತ್ತಿದ್ದರು. ಯಾರಾದರೂ ತಾವಾಗಿಯೇ ಜೀವ ಕಳೆದುಕೊಂಡ ಸುದ್ದಿ ಬಂತೆಂದರೆ ಅದು ಹೆಚ್ಚಾಗಿ ನಮ್ಮ ಕಾರ್ಖಾನೆಯದೇ. ಯಾಕೆ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಹೊಲದಲ್ಲಿ ಒಬ್ಬಳು ಹಿಂದೆ ಬಿದ್ದರೆ ಪಕ್ಕದವಳು ಅವಳ ಸಾಲನ್ನೂ ಹಿಡಿಯುತ್ತಾಳೆ. "ಯಾಕ ಬೇ, ಮಾರಿ ಸಣ್ಣದಾಗೈತಿ?" ಎಂದು ಕೇಳುತ್ತಾಳೆ. ನಮ್ಮಲ್ಲಿ ಕೇಳುವವರು ಯಾರು? ಯಂತ್ರದ ಗದ್ದಲ, ಅರಳೆಯ ಧೂಳು, ಬಾಯಿಗೆ ಬಿಗಿದ ಸೆರಗು — ಮಗ್ಗುಲಲ್ಲಿ ಕೂತವಳು ಅತ್ತರೂ ತಿಳಿಯುತ್ತಿರಲಿಲ್ಲ. ಸಾಲದ್ದಕ್ಕೆ ನನ್ನದೊಂದು ಕಾಯಿದೆ: ಒಬ್ಬಳ ಯಂತ್ರಕ್ಕೆ ಇನ್ನೊಬ್ಬಳು ಕೈ ಹಚ್ಚಬಾರದು. ಸೇಠ ಅದನ್ನು ಹೇಳಿರಲಿಲ್ಲ. ಅವನಿಂದ ಶಹಬ್ಬಾಸ್ ಅನ್ನಿಸಿಕೊಳ್ಳಲು ನಾನೇ ಮಾಡಿದ್ದು.

ಗಂಗವ್ವ ಕೆಮ್ಮಿ ಕೆಮ್ಮಿ ಸೋತಿದ್ದಳು. ಹಾಡುವುದನ್ನು ಬಿಟ್ಟಿದ್ದಳು, ಉಣ್ಣುವುದನ್ನೂ ಬಿಟ್ಟಿದ್ದಳು. ನೀನು ಹೊಲದ ರೂಢಿಯಂತೆ ಎದ್ದುಹೋಗಿ ಅವಳ ಯಂತ್ರಕ್ಕೂ ಹತ್ತಿ ಹಾಕಿದೆ. ಅದನ್ನು ಕಂಡು ನಾನು ಕೆಂಡವಾದೆ, ನಿನ್ನನ್ನು ಆಚೆಯ ಗೋದಾಮಿಗೆ ಅಟ್ಟಿದೆ. ಇಷ್ಟು ನಿನಗೆ ಗೊತ್ತು. ಆಮೇಲಿನದು ಗೊತ್ತಿಲ್ಲ.

ಸಂಜೆ ಅವಳು ನನ್ನ ಬಳಿ ಬಂದು ಕೈಮುಗಿದಳು. "ಅಣ್ಣಾ, ತಂಗೀನ ನನ್ನ ಮಗ್ಗಲಕ್ಕೇ ಕುಂದರಸ್ರಿ. ಆಕಿ ಮಾರಿ ನೋಡಿದ್ರ ಹೆಂಗರ ದಿನಾ ನೂಕ್ತೀನಿ. ಇಲ್ಲಂದ್ರ ನನ್ನ ಕೈಲೆ ಆಗಂಗಿಲ್ರಿ."

"ಇದು ನಿಮ್ಮಪ್ಪನ ಹೊಲ ಅಲ್ಲ. ಇದ್ರ ಇರು, ಸತ್ರ ಸಾಯಿ."

ಹಾಗೆ ಅಂದೆ, ಯಲ್ಲವ್ವಾ — ಮನುಷ್ಯನಾದವನು...

ಮರುದಿನ ಅವಳನ್ನು ಬಾವಿಯಿಂದ ಎತ್ತಿದೆವು. ನೀನು ನನ್ನ ಅಂಗಿ ಹಿಡಿದು ಕೇಳಿದೆ: "ಅಕ್ಕ ಏನರ ಹೇಳಿದ್ಲೇನ್ರಿ?" ನಾನು ನಿನ್ನ ಮುಖ ನೋಡಿಕೊಂಡೇ ಅಂದೆ: "ಏನೂ ಹೇಳಿಲ್ಲವ್ವಾ. ಬಾವ್ಯಾಗಿನ ದೆವ್ವ ಕರದೈತಿ." ಪೋಲೀಸಿನ ಅಮೀನ ಸಾಹೇಬರಿಗೂ ಅಷ್ಟೇ ಸಾಕಾಗಿತ್ತು. ಸೇಠ ಬಾವಿಯ ಶಾಂತಿಗೆಂದು ಕುರಿ ಕಡಿಸಿದ. ಆ ಊಟ ಉಂಡವರಲ್ಲಿ ನಾನೂ ಒಬ್ಬ. ದೆವ್ವ ಎಂದರೆ ಎಲ್ಲರಿಗೂ ಅನುಕೂಲ — ಅದನ್ನು ಯಾರೂ ಕಚೇರಿಗೆ ಎಳೆಯುವುದಿಲ್ಲ. ಮುಂದೆ, "ಆ ಮನಿತನಕ್ಕ ಗಾಳಿ ಸೋಕೈತಿ" ಎಂದು ಮಸ್ಕಿಯವರು ಗೊತ್ತಾಗಿದ್ದ ನಿನ್ನ ಮದುವೆ ಸಂಬಂಧ ಮುರಿದರು. ಆಗಲೂ ನಾನು ತುಟಿ ಬಿಚ್ಚಲಿಲ್ಲ. ನೀನು ಒಂಟಿಯಾಗಿಯೇ ಉಳಿದೆ.

ಮೊನ್ನೆ ಸಂತೆಯಲ್ಲಿ ಸಿಕ್ಕಾಗ ನೀನು ಅಂದೆ: "ಅಕ್ಕ ಹೋಗೂ ಮುಂದ ನನ್ನ ನೆನಸಲೇ ಇಲ್ಲ ನೋಡ್ರಿ." ನಗುತ್ತಲೇ ಅಂದೆ. ಇಷ್ಟು ವರ್ಷ ನೀನು ಹೊತ್ತದ್ದು ಇದನ್ನೇ ಏನು? ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಮನೆಗೆ ಬಂದವನು ತಟ್ಟೆ ಎಸೆದೆ.

ಕ್ಷಮೆ ಕೇಳುವ ಮುಖ ನನಗಿಲ್ಲ. ಬರುವ ಸಂತೆಯ ದಿನ ಆ ಬಾವಿಕಟ್ಟೆಯ ಮೇಲೆ ನಿಂತು ಇದನ್ನೆಲ್ಲ ಊರಿಗೆ ಕೇಳುವಂತೆ ಹೇಳುತ್ತೇನೆ. ಉಗುಳುವವರು ಉಗುಳಲಿ. ಆದರೆ ಊರಿಗಿಂತ ಮೊದಲು ನಿನಗೆ ತಿಳಿಯಬೇಕು — ಅವಳು ನೆನೆಸಿದ್ದು ನಿನ್ನನ್ನೇ. ಕೈಮುಗಿದು ಕೇಳಿದ್ದೂ ನಿನ್ನನ್ನೇ. ಕೊಡದೆ ಹೋದವನು ನಾನು.