ಜರ್ಮನಿ ಅಮ್ಮನ ಎಡೆ

ಗುಂಡ್ಲುಪೇಟೆಯ ಈರುಳ್ಳಿ ಮಂಡಿ ಸಾಹುಕಾರರೊಬ್ಬರು ನನಗೆ ಫೋನ್ ಮಾಡಿದರು. "ಮೇಡಂ, ನಮ್ ಜರ್ಮನಿ ಅಮ್ಮನ್ ಹೆಸ್ರಲ್ಲಿ ಒಂದು ಹಬ್ಬ ಮಾಡನ ಅಂತಿದೀವಿ. ಅವ್ರ ತಮ್ಮನ ಮೊಮ್ಮಗ್ಳು ಜರ್ಮನಿಯಿಂದ ಬತ್ತಾವ್ರೆ. ನಿಮ್ಮವ್ವಾರು ಸ್ಟೇಜ್ ಮ್ಯಾಲೆ ಇರ್ಲೇಬೇಕು" ಅಂದರು. ನನಗೆ ಮೊದಲು ಹೊಳೆದದ್ದು ಒಂದೇ: ಈ ಮನುಷ್ಯನಿಗೆ ನಮ್ಮ ಮನೆ ಮೇಲೆ ಕಣ್ಣು ಬಿದ್ದಿದೆ.

ನನ್ನನ್ನು ಕೆಟ್ಟವಳು ಅಂದುಕೊಳ್ಳಬೇಡಿ. ಚಾಮರಾಜನಗರದ ಒಂದು ಕಚೇರಿಯಲ್ಲಿ ಜಮೀನಿನ ಹಳೇ ಕಡತಗಳ ನಡುವೆ ಇಪ್ಪತ್ತು ವರ್ಷ ಕೂತವಳು ನಾನು. ಬದುಕಿರುವ ಅಕ್ಕನನ್ನು ಸತ್ತಳು ಅಂತ ಬರೆಸಲು ಬಂದವರನ್ನು ನೋಡಿದ್ದೇನೆ. ಅವರು ಬರುವಾಗ ಎಷ್ಟು ನಯವಾಗಿ ನಗುತ್ತಾರೆ ಗೊತ್ತಾ? ಸಾಹುಕಾರರ ದನಿಯೂ ಹಾಗೇ ನಯವಾಗಿತ್ತು. ಅದೂ ಅಲ್ಲದೆ ಕಡೆಗೆ ಒಂದು ಮಾತು ಕೇಳಿದರು: "ಆಯಮ್ಮ ಇದ್ದ ಮನೆ ಈಗ ಯಾರ ಹೆಸ್ರಲ್ಲದೆ ಮೇಡಂ?" ಹಬ್ಬ ಮಾಡುವವರಿಗೆ ಆ ಉಸಾಬರಿ ಯಾಕೆ ಬೇಕು?

ಜರ್ಮನಿ ಅಮ್ಮ ಅಂದರೆ ಹರವೆ ಕಡೆಯ ಮುದುಕಿಯರಿಗೆಲ್ಲ ಗೊತ್ತು. ನಾನು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಬಂದು ನಮ್ಮ ಊರಲ್ಲೇ ನಿಂತುಬಿಟ್ಟ ನರ್ಸು. ಬಿಳೀ ಸೀರೆ ಉಟ್ಟು, ಸೈಕಲ್ಲು ತುಳಿದು, ಗುಂಡ್ಲುಪೇಟೆವರೆಗೂ ಹೋಗಿ ಹೆರಿಗೆ ಮಾಡಿಸುತ್ತಿದ್ದರಂತೆ. ನೋವು ತಿನ್ನುವ ಹೆಂಗಸರಿಗೆ "ಉಸ್ರು ಬುಡಮ್ಮಿ, ಎದ್ರುಕೋಬೇಡ, ತಿಣುಕು" ಅಂತ ನಮ್ಮ ಮಾತಲ್ಲೇ ಗದರುತ್ತಿದ್ದರಂತೆ. ನನ್ನ ಅಜ್ಜಿ ಅವರ ಮನೆಯಲ್ಲಿ ಅಡುಗೆಗಿದ್ದಳು, ಹೆರಿಗೆಗೆ ಬಿಸಿನೀರು ಕಾಯಿಸಿ ಕೊಡುತ್ತಿದ್ದಳು. ನನ್ನ ಅವ್ವ ಹುಟ್ಟಿದ್ದು ಆ ಕೈಗಳಲ್ಲೇ, ಈಗ ಇರುವುದೂ ಅವರಿದ್ದ ಮನೆಯಲ್ಲೇ. ಅವರು ಸತ್ತಾಗ ಅವರದ್ದು ಅನ್ನುವ ಒಂದು ನರಪಿಳ್ಳೆಯೂ ಇರಲಿಲ್ಲ. ಮನೆ ಹಿಂದಿನ ಹುಣಸೆ ಮರದ ಬುಡದಲ್ಲಿ ಮಣ್ಣು ಮಾಡಿ, ಮೇಲೆ ನಾಲ್ಕು ಕಲ್ಲಿಟ್ಟರು. ಆ ಕಲ್ಲಿನ ಮುಂದೆ ನಿಂತು ಅಜ್ಜಿ, ನಿಮ್ಮೋರು ಬರೋಗಂಟ ನಿಮ್ಮ ಎಡೆ ನಾನಿಡ್ತೀನಿ ಅಂದಳಂತೆ.

ಅವತ್ತಿನಿಂದ ಪಿತೃಪಕ್ಷದ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಒಂದು ಎಲೆ ಹೆಚ್ಚು. ತಾತನ ಎಲೆಗೆ ಮುದ್ದೆ, ಬಾಡಿನ ಸಾರು, ಒಂದು ಕಟ್ಟು ಬೀಡಿ. ಅಜ್ಜಿ ಹೋದ ಮೇಲೆ ಅವಳ ಎಲೆಗೆ ಕಜ್ಜಾಯ, ಎಲೆಅಡಿಕೆ. ಕೊನೆಯ ಎಲೆ ಜರ್ಮನಿ ಅಮ್ಮನದು. ಅದಕ್ಕೆ ಖಾರ ಹಾಕದೆ ಬೇಯಿಸಿದ ಆಲೂಗಡ್ಡೆ, ಗುಂಡ್ಲುಪೇಟೆಯ ಮಲಯಾಳಿ ಬೇಕರಿಯ ಬನ್ನು, ಸಕ್ಕರೆಯಿಲ್ಲದ ಕರೀ ಕಾಫಿ. ಧೂಪ ಹಾಕಿ, ಕೈ ಮುಗಿದು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು. ಒಳಗೆ ಹಿರೀಕರು ಉಣ್ಣುತ್ತಾರೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು. ಚಿಕ್ಕವಳಿದ್ದಾಗ ನಾನು ಬಾಗಿಲ ಸಂದಿಯಲ್ಲಿ ಇಣುಕಿ ಬನ್ನು ಕಮ್ಮಿಯಾಗಿದೆಯಾ ಅಂತ ನೋಡುತ್ತಿದ್ದೆ. ಆಗಲೇ ಅನುಮಾನದ ಪಿಶಾಚಿ.

ಅವ್ವ ಮಾತ್ರ ಯಾವಾಗಲೂ ಒಂದು ಕೊರಗು ಹೇಳುತ್ತಿದ್ದಳು. "ನಾವಿಕ್ಕೋದು ಅಸಿವು ತಡ್ಕೊಳಕ್ಕೆ ಕಣಮ್ಮಿ. ಅವ್ರ ಕಡೆಯೋರು ಒಂದ್ಸಲ ಇಕ್ಕುದ್ರೇ ಆಯಮ್ಮಂಗೆ ಒಟ್ಟೆ ತುಂಬದು. ನಾನು ಕಣ್ ಮುಚ್ಚೋದ್ರೊಳ್ಗೆ ಯಾರಾದ್ರೂ ಬರ್ಬೇಕು."

ಈಗ ಯಾರೋ ಬರುತ್ತಿದ್ದರು. ಸಾಹುಕಾರರು ಹೇಗಿದ್ದರೂ ಅವ್ವನಿಗೆ ಸುದ್ದಿ ಮುಟ್ಟಿಸುತ್ತಾರೆ ಅಂತ ನಾನೇ ಆ ಭಾನುವಾರ ಊರಿಗೆ ಹೋಗಿ ಹೇಳಿದೆ. ಅವ್ವ ಬಿಡಿಸುತ್ತಿದ್ದ ಅಲಸಂದೆಕಾಯಿ ಹಾಗೇ ಬಿಟ್ಟು ಎದ್ದಳು.

"ಬಂದ್ರಾ? ಕೊನೆಗೂ ಬಂದ್ರಾ? ಅಮಾಸೆ ದಿನ ಅಲ್ದಿದ್ರೂ ಚಿಂತಿಲ್ಲ, ಆವಮ್ಮನ ಕೈಲಿ ಒಂದು ಎಲೆ ಇಡುಸ್ಬುಡನ. ಆವಮ್ಮ ಮುದ್ದೆ ಉಂಡಾರ? ಮುರಿಯಕ್ಕಾದ್ರೂ ಬಂದದಾ?"

ಅಷ್ಟು ಖುಷಿಯಾಗಿ ಅವ್ವನನ್ನು ನಾನು ನೋಡಿಯೇ ಇರಲಿಲ್ಲ. ನಾನಾದರೋ ಮಾರನೆಯ ದಿನ ಕಚೇರಿಗೆ ಹೋದವಳೇ ನಮ್ಮ ಮನೆ, ಹಿತ್ತಲಿನ ಪಹಣಿ ತೆಗೆದು ನೋಡಿದೆ. ಇಷ್ಟು ವರ್ಷವಾದರೂ ಅದು ಜರ್ಮನಿ ಅಮ್ಮನ ಹೆಸರಲ್ಲೇ ಇತ್ತು. ಅವರು ಬಾಯಿಮಾತಲ್ಲಿ ಅಜ್ಜಿಗೆ ಬಿಟ್ಟುಕೊಟ್ಟಿದ್ದರು, ಅಜ್ಜಿ ಬಾಯಿಮಾತಲ್ಲಿ ಅವ್ವನಿಗೆ. ಊರವರ ಕಡತವೆಲ್ಲ ಹುಡುಕಿಕೊಟ್ಟ ನಾನು ನಮ್ಮದೊಂದನ್ನು ನೋಡಿರಲಿಲ್ಲ, ನನ್ನ ಬುದ್ಧಿಗಿಷ್ಟು! ಹಬ್ಬ, ಸ್ಟೇಜು, ತಮ್ಮನ ಮೊಮ್ಮಗಳು, ಎಲ್ಲ ಸಾಲಾಗಿ ಕೂತು ಲೆಕ್ಕಕ್ಕೆ ಬಂದಂತಾಯಿತು. ವಾರಸುದಾರಳು ಬರುತ್ತಿದ್ದಾಳೆ, ಸಾಹುಕಾರ ಕೊಳ್ಳಲು ನಿಂತಿದ್ದಾನೆ ಅಂದುಕೊಂಡೆ. ಅವ್ವ ಸ್ಟೇಜಿನ ಮೇಲೆ ಬಾಯಿಬಿಟ್ಟು, ಆ ಮನೆ ಅವರದ್ದೇ, ನಾವು ನೋಡಿಕೊಂಡಿದ್ದೀವಿ ಅಷ್ಟೇ, ಅಂದುಬಿಟ್ಟರೆ? ಅವಳು ಹಾಗನ್ನುವವಳೇ.

ಸಾಹುಕಾರರಿಗೆ, ಅವ್ವನಿಗೆ ಹುಷಾರಿಲ್ಲ, ನೀವು ಊರಿಗೆ ಹೋಗಿ ತೊಂದರೆ ಕೊಡಬೇಡಿ ಅಂದೆ. ಎರಡು ದಿನ ಬಿಟ್ಟು ಅವ್ವನಿಗೆ ಫೋನ್ ಮಾಡಿ, ಹಬ್ಬ ಮುಂದಕ್ಕೆ ಹೋಯಿತು, ಆ ಹೆಂಗಸು ಬರುವುದಿಲ್ಲವಂತೆ ಅಂದೆ. ಅವ್ವ "ಊಂ, ಬುಡು" ಅಂದಳು. ಅಲಸಂದೆಕಾಳು ಕಳಿಸಲಾ ಅಂತ ಕೇಳಿದಳು.

ಪಿತೃಪಕ್ಷ ಬಿದ್ದರೆ ಶುಭಕಾರ್ಯ ಕೂಡದು ಅಂತ ಅದಕ್ಕೆ ಮುಂಚಿನ ಭಾನುವಾರವೇ ಹಬ್ಬ ಇಟ್ಟಿದ್ದರು. ನಾನೊಬ್ಬಳೇ ಹೋದೆ. ಏನು ಹುನ್ನಾರ ನಡೆಯುತ್ತದೋ ಕಣ್ಣಾರೆ ನೋಡಬೇಕಿತ್ತು. ಗುಂಡ್ಲುಪೇಟೆಯ ಕಲ್ಯಾಣ ಮಂಟಪದ ತುಂಬ ಬಾವುಟ ಕಟ್ಟಿದ್ದರು. ಜರ್ಮನಿ ಬಾವುಟಕ್ಕೆ ಕಪ್ಪು, ಕೆಂಪು, ಹಳದಿ ಅಂತ ನನಗೂ ಗೊತ್ತು. ಇಲ್ಲಿ ಬರೀ ಕೆಂಪು, ಹಳದಿ. ಕೇಳಿದ್ದಕ್ಕೆ ಸಾಹುಕಾರರು, "ಒಳ್ಳೆ ಕಾರ್ಯಕ್ಕೆ ಕಪ್ಪು ಬಟ್ಟೆ ಕಟ್ಟಕಾದದಾ ಮೇಡಂ? ಅದುನ್ನ ಬುಟ್ಬುಟ್ಟೊ" ಅಂದರು. ಕಪ್ಪು ಬಿಟ್ಟ ಮೇಲೆ ಉಳಿದದ್ದು ಥೇಟ್ ನಮ್ಮ ರಾಜ್ಯೋತ್ಸವದ ಬಾವುಟ. ವಾದ್ಯದವರು ಅದನ್ನು ನೋಡಿ ನಾಡಗೀತೆ ಬಾರಿಸಿದರು. ಎಲ್ಲರೂ ಎದ್ದು ನಿಂತೆವು, ಜರ್ಮನಿಯಿಂದ ಬಂದ ಆ ಹೆಂಗಸೂ ಎದ್ದು ನಿಂತಳು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಆಕೆಗೆ ಐವತ್ತರ ಮೇಲಿರಬೇಕು. ಮೈಸೂರು ಪೇಟ ತೊಡಿಸಿದ್ದರು, ಅದು ಕಣ್ಣ ಮೇಲೆ ಜಾರುತ್ತಿತ್ತು. ಜರ್ಮನಿ ಅಮ್ಮನ ಕೈಯಲ್ಲಿ ಹುಟ್ಟಿದವರು ಕೈಯೆತ್ತಿ ಅಂತ ಮೈಕಿನಲ್ಲಿ ಅಂದಾಗ ಅರ್ಧ ಮಂಟಪವೇ ಕೈಯೆತ್ತಿತು. ಸಾಹುಕಾರರೂ ಎತ್ತಿದರು. ಇದೂ ನಾಟಕವೇ ಇರಬೇಕು ಅಂದುಕೊಂಡೆ.

ಊಟದ ಹೊತ್ತಿಗೆ ಆಕೆ ನನ್ನ ಪಕ್ಕ ಬಂದು ಕೂತು, ನಿಧಾನವಾದ ಇಂಗ್ಲಿಷಿನಲ್ಲಿ, ನಿಮ್ಮ ತಾಯಿ ಬರಲಿಲ್ಲವಾ ಅಂದರು. ಅವರಿಗೆ ಈಗ ಏನೂ ನೆನಪಿಲ್ಲ, ಜನರ ಗುರುತೂ ಹತ್ತುವುದಿಲ್ಲ ಅಂದೆ. ಮತ್ತೆ ಸಮಾಧಿ? ಎಲ್ಲಿ ಮಣ್ಣು ಮಾಡಿದರೋ ಯಾರಿಗೂ ಗೊತ್ತಿಲ್ಲ ಅಂದೆ. ನಾಲಿಗೆ ಒಂಚೂರೂ ತಡವರಿಸಲಿಲ್ಲ. ಆಕೆ ಮನೆಯ ಮಾತು ಎತ್ತುತ್ತಾರೆ, ಈಗ ಎತ್ತುತ್ತಾರೆ ಅಂತ ಕಾದೇ ಕಾದೆ. ಎತ್ತಲಿಲ್ಲ. ಎಲೆಯ ಮೇಲಿನ ಆಲೂಗಡ್ಡೆ ಪಲ್ಯವನ್ನೇ ನೋಡುತ್ತಾ ಕೂತಿದ್ದು, ಆಮೇಲೆ ಚೀಲದಿಂದ ಒಂದು ಹಳೇ ಫೋಟೋ ತೆಗೆದು ಕೊಟ್ಟರು. ಇಬ್ಬರು ಹೆಂಗಸರು ಜಗಲಿ ಮೇಲೆ ಕೂತಿದ್ದಾರೆ. ಒಬ್ಬಳು ನನ್ನ ಅಜ್ಜಿ. ಬಿಳೀ ಸೀರೆಯವರ ತೊಡೆ ಮೇಲೆ ಒಂದು ಕೂಸು. ನಿಮ್ಮ ತಾಯಿಗೆ ತೋರಿಸಿ, ನೆನಪು ಬಂದರೂ ಬರಬಹುದು ಅಂದರು. ಮಾರನೆಯ ಬೆಳಿಗ್ಗೆಯೇ ಹೊರಟು ಹೋದರು.

ಆ ಫೋಟೋ ಕಚೇರಿಯ ಬ್ಯಾಗಿನಲ್ಲೇ ಉಳಿಯಿತು. ಇದನ್ನು ಯಾವುದಕ್ಕಾದರೂ ಸಾಕ್ಷಿ ಮಾಡಿಕೊಂಡರೆ ಏನು ಗತಿ ಅಂತ ಅದನ್ನೂ ತಿರುವಿ ಮುರುವಿ ನೋಡಿದ್ದೆ.

ಅಮಾವಾಸ್ಯೆ ದಿನ ಬೇಕರಿ ಬನ್ನು ತೆಗೆದುಕೊಂಡು ಊರಿಗೆ ಹೋದೆ. ಅವ್ವ ಬಾ ಅನ್ನಲಿಲ್ಲ. ಗೂಡಿನಲ್ಲಿ ಒಂದು ಶಾಲು, ಒಂದು ಸ್ಮರಣಿಕೆ ಇದ್ದವು. ಹಿಂದಿನ ದಿನ ಸಾಹುಕಾರರು ತಂದುಕೊಟ್ಟು ಹೋಗಿದ್ದರಂತೆ.

"ನನ್ಗೆ ಗ್ಯಾನ ಇಲ್ಲ ಅಂತ ಯೋಳುದ್ಯಂತೆ?" ಅಂದಳು.

ನಾನು ಪಹಣಿಯ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಮನೆ ಹೋಗುತ್ತದೆ ಅಂತ ಹೆದರಿದೆ ಕಣವ್ವ ಅಂದೆ.

"ಓದ್ರೆ ಓಯ್ತಿತ್ತು. ಅವ್ರದ್ದೇ ಅಲ್ವಾ?" ಅಂದಳು ಅವ್ವ. "ಆ ಸಾವ್ಕಾರ್ನೂ ಆಯಮ್ಮನ ಕೈಲುಟ್ಟಿದ್ದು. ಮನೆ ಮುಂದೆ ಆಯಮ್ಮನ ಹೆಸ್ರು ಬರ್ಸಿ ಒಂದು ಕಲ್ಲು ನೆಡ್ಸನ, ಯಾರುನ್ನ ಒಪ್ಗೆ ಕೇಳ್ಬೇಕು ಅಂತಿದ್ದ. ಅದ್ಕೇ ಕೇಳಿದ್ದು ಯಾರ ಹೆಸ್ರಲ್ಲದೆ ಅಂತ."

ಸಾಹುಕಾರರ ಮೇಲೆ ನನಗೆ ಇವತ್ತಿಗೂ ಪೂರ್ತಿ ನಂಬಿಕೆ ಬಂದಿಲ್ಲ, ಅದು ನನ್ನ ರೋಗ. ಆದರೆ ಆ ಹೆಂಗಸು ಇಷ್ಟು ದೂರ ಬಂದು ಕೇಳಿದ್ದು ಎರಡೇ, ಅವ್ವನನ್ನು ಮತ್ತು ಸಮಾಧಿಯನ್ನು. ಎರಡೂ ಇಲ್ಲ ಅಂದವಳು ನಾನು. ಕಡತದಲ್ಲಿ ಅಕ್ಕನನ್ನು ಸಾಯಿಸಲು ಬಂದವರಿಗೂ ನನಗೂ ಏನು ವ್ಯತ್ಯಾಸ?

ಫೋಟೋ ತೆಗೆದು ಕೊಟ್ಟೆ. ಅವ್ವ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ತನ್ನ ಎಳೆತನದ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ಕೊನೆಯ ಎಲೆಯ ಹಿಂದೆ ಗೋಡೆಗೆ ಒರಗಿಸಿದಳು. ಆಲೂಗಡ್ಡೆ, ಬನ್ನು, ಕಾಫಿ ಇಟ್ಟಳು. ಧೂಪ ಹಾಕಿ ಫೋಟೋಗೆ ಹೇಳಿದಳು: "ನಿಮ್ಮೋರು ಬಂದಿದ್ರು ಕಣ್ರವ್ವಾ. ನಿಮ್ಮುನ್ನೇ ಕೇಳ್ಕೊಂಡು ಬಂದಿದ್ರು. ನನ್ ಮಗ್ಳು ಕಳ್ಸ್‌ಬುಟ್ಲು. ಈ ಸಲಾನೂ ನಾನಿಕ್ಕುದ್ದೇ ಉಣ್ಣಿ."

ಬಾಗಿಲು ಎಳೆದುಕೊಂಡು ಇಬ್ಬರೂ ಜಗಲಿಯಲ್ಲಿ ನಿಂತೆವು. ಫೋಟೋದಲ್ಲಿದ್ದದ್ದು ಅದೇ ಜಗಲಿ. ನಾನು ಅಳುತ್ತಿದ್ದೆ. ಕಾಗದ ಬರೆಯುತ್ತೇನೆ, ಸಾಹುಕಾರರ ಹತ್ತಿರ ವಿಳಾಸ ಇರುತ್ತದೆ, ಬರುವ ವರ್ಷ ಕರೆಸುತ್ತೇನೆ ಅಂದೆ.

"ಬರೆ" ಅಂದಳು ಅವ್ವ. "ಬರೋ ವರ್ಸ ನಾನಿರ್ತೀನೋ ಇಲ್ವೋ. ಅವ್ರು ಬರೋಗಂಟ ಈ ಎಲೆ ನಿಂದು ಕಣಮ್ಮಿ."

ಹುಣಸೆ ಮರದ ಕಡೆ ಬಿಸಿಲು ಇಳಿಯಿತು. ಪ್ರತಿವರ್ಷ ಬಾಗಿಲು ತಟ್ಟುತ್ತಿದ್ದವಳು ಅವ್ವ. ಈ ಸಲ ಅವಳು ಪಕ್ಕಕ್ಕೆ ಸರಿದಳು.

"ನೀನೇ ತಟ್ಟು. ನಿಮ್ಮೋರ್ನ ಕಳ್ಸ್‌ಬುಟ್ಟಿದ್ದು ನಾನೇ ಅಂತ ಯೋಳಿ ತಟ್ಟು."

ಹೇಳಿದೆ. ಆಮೇಲೆ ತಟ್ಟಿದೆ.